ಭೇದಿಗೆ ಹಂದಿಮರಿಗಳು ವಾರದೊಳಗೇ ಸಾಯುವುದು ಯಾಕೆ, ತಾಯಿ ಹಂದಿ ಉಳಿಯುವುದು ಹೇಗೆ?

ಪ್ರಶ್ನೆ: ನಾವು ಬೆಳ್ತಂಗಡಿ ಕಡೆಯವರು. ಯಾರ್ಕ್‌ಶೈರ್ ತಾಯಿ ಹಂದಿಗಳು ಹತ್ತು-ಹನ್ನೆರಡು ಇವೆ. ಈ ಮಳೆಗಾಲದಲ್ಲಿ ಎರಡು ಚೊಚ್ಚಲ ಹಂದಿಗಳ ಮರಿಗಳಿಗೆ ಹಳದಿ ನೀರುಭೇದಿ ಶುರುವಾಯಿತು. ಮೂರು ದಿನದ ಮರಿಗಳು. ನಾಲ್ಕೈದು ದಿನದಲ್ಲಿ ಬಹುಪಾಲು ಸತ್ತುಹೋದವು. ತಾಯಿಗಳಿಗೆ ಏನೂ ಆಗಲಿಲ್ಲ, ಪಕ್ಕದ ಗೂಡಿನ ಹಳೇ ಹಂದಿಗಳ ಮರಿಗಳಿಗೂ ಏನೂ ಆಗಲಿಲ್ಲ. ಆಂಟಿಬಯಾಟಿಕ್ ಹಾಕಿಸಿದೆವು, ಪ್ರಯೋಜನ ಆಗಲಿಲ್ಲ. ಆಮೇಲೆ ಒಂದು ವಿಡಿಯೋದಲ್ಲಿ ಪಿಇಡಿ ಎಂಬ ವೈರಸ್ ಭೇದಿಯ ಬಗ್ಗೆ ನೋಡಿದೆ. ಅದರ ಒಂದು ತಳಿ ಮರಿಗಳನ್ನೆಲ್ಲ ಕೊಲ್ಲುತ್ತದೆ, ಇನ್ನೊಂದು ಅಷ್ಟು ಜೋರಲ್ಲ ಅಂದರು. ಒಂದೇ ವೈರಸ್ ಹೀಗೆ ಎರಡು ಥರ ಹೇಗೆ? ಮರಿ ಹುಟ್ಟಿದ ದಿನವೇ ಲಸಿಕೆ ಹಾಕಿಬಿಟ್ಟರೆ ಆಗುವುದಿಲ್ಲವಾ?

ಉತ್ತರ: ಮೊದಲು ನಿಮ್ಮ ಮರಿಗಳ ವಿಷಯವನ್ನೇ ಹೇಳುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಅದು ಪಿಇಡಿ ಇರಲಾರದು ಅನ್ನಿಸುತ್ತದೆ. ಆ ರೋಗ ಹಿಂದೆಂದೂ ಕಾಣದ ಫಾರಮ್ಮಿಗೆ ಹೊಕ್ಕರೆ ಎರಡು ಗೂಡಿನಲ್ಲಿ ನಿಲ್ಲುವುದಿಲ್ಲ. ಕೆಲವೇ ದಿನಗಳಲ್ಲಿ ಎಲ್ಲ ವಯಸ್ಸಿನ ಹಂದಿಗಳಿಗೂ ಹಬ್ಬುತ್ತದೆ. ತಾಯಿ ಹಂದಿಗಳು ಮೇವು ಬಿಡುತ್ತವೆ, ಕೆಲವು ವಾಂತಿ ಮಾಡುತ್ತವೆ, ಕೊಬ್ಬಿಸಲು ಬಿಟ್ಟ ದೊಡ್ಡ ಹಂದಿಗಳೂ ಉಚ್ಚಿಕೊಳ್ಳುತ್ತವೆ. ನಿಮ್ಮಲ್ಲಿ ಚೊಚ್ಚಲ ಹಂದಿಗಳ ಮರಿಗಳಿಗೆ ಮಾತ್ರ ಬಂದು, ಹಳೇ ಹಂದಿಗಳ ಮರಿಗಳು ಉಳಿದುಕೊಂಡಿವೆ. ಅಂದರೆ ಆ ರೋಗಾಣು ನಿಮ್ಮ ಗೂಡಿನಲ್ಲಿ ಮೊದಲಿಂದಲೂ ಇದೆ. ಹಳೇ ತಾಯಿಗಳಿಗೆ ಅದರ ಪರಿಚಯವಿದೆ, ಹಾಗಾಗಿ ಅವುಗಳ ಹಾಲಿನಲ್ಲಿ ರಕ್ಷಣೆ ಇದೆ. ಚೊಚ್ಚಲಿನ ಹಾಲಿನಲ್ಲಿ ಅದು ಇಲ್ಲ ಅಥವಾ ಸಾಲದು. ರೋಟಾವೈರಸ್ಸು, ಇ. ಕೋಲೈ ಬ್ಯಾಕ್ಟೀರಿಯಾ ಹೀಗೆ ಮಾಡುತ್ತವೆ. ಕೆಲವು ಸಲ ಎರಡೂ ಒಟ್ಟಿಗೆ ಇರುತ್ತವೆ. ಲ್ಯಾಬಿನ ವರದಿ ಇಲ್ಲದೆ ಇದೇ ಅಂತ ಹೆಸರು ಹೇಳಬಾರದು. ಆದರೆ ಹಳೇ ತಾಯಿ, ಚೊಚ್ಚಲ ತಾಯಿ ಎಂಬ ಈ ವ್ಯತ್ಯಾಸ ನೀವು ಗಮನಿಸಿದ್ದು ತುಂಬ ಒಳ್ಳೆಯದಾಯಿತು. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ.

ಪಿಇಡಿ ಬಗ್ಗೆ ನೀವು ಕೇಳಿದ್ದೀರಿ, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಎಳೆ ಮರಿಗಳ ಕರುಳು ಮತ್ತು ರೋಗನಿರೋಧಕ ಶಕ್ತಿಯ ಬಗ್ಗೆ ಈಚಿನ ವರ್ಷಗಳಲ್ಲಿ ನಾವು ಕಲಿತದ್ದರಲ್ಲಿ ದೊಡ್ಡ ಪಾಲು ಈ ರೋಗದಿಂದಲೇ ಬಂದದ್ದು. ಇದು ಕೊರೋನಾ ವೈರಸ್ಸುಗಳ ಕುಟುಂಬದ್ದು. ಹಂದಿಗೆ ಮಾತ್ರ, ಮನುಷ್ಯರಿಗೆ ಬರುವುದಿಲ್ಲ. ಮೊದಲು ಕಂಡದ್ದು 1971ರಲ್ಲಿ, ಇಂಗ್ಲೆಂಡಿನಲ್ಲಿ. ಆಗ ಹಾಲು ಕುಡಿಯುವ ಮರಿಗಳಿಗೆ ಏನೂ ಆಗುತ್ತಿರಲಿಲ್ಲ, ಬೆಳೆದ ಹಂದಿಗಳಿಗೆ ಮಾತ್ರ ಭೇದಿ. 1976ರ ಹೊತ್ತಿಗೆ ಮರಿಗಳಿಗೂ ಬರತೊಡಗಿತು. 1978ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ವೈರಸ್ಸನ್ನು ಹಿಡಿದು ತೋರಿಸಿದರು. ಆ ಮೂಲ ತಳಿಗೆ ಸಿವಿ777 ಎಂಬ ಹೆಸರು. ಆಮೇಲೆ ಬಹಳ ವರ್ಷ ಅದು ಯುರೋಪಿನಲ್ಲಿ ಸಣ್ಣಪುಟ್ಟ ತೊಂದರೆಯಾಗಿ, ಏಷ್ಯಾದ ಕೆಲವು ದೇಶಗಳಲ್ಲಿ ಸ್ವಲ್ಪ ದೊಡ್ಡ ತೊಂದರೆಯಾಗಿ ಉಳಿಯಿತು. 2010ರ ಕೊನೆಯಲ್ಲಿ ಚೀನಾದಲ್ಲಿ ಪರಿಸ್ಥಿತಿ ಬದಲಾಯಿತು. ಸಿವಿ777ರ ಲಸಿಕೆ ಹಾಕಿಸಿದ್ದ ಫಾರಮ್ಮುಗಳಲ್ಲೇ ಮರಿಗಳು ರಾಶಿ ರಾಶಿ ಸತ್ತವು. 2013ರ ವಸಂತದಲ್ಲಿ ಅಂಥದೇ ವೈರಸ್ ಅಮೆರಿಕ ಸೇರಿತು. ಅಲ್ಲಿನ ಹಂದಿಗಳು ಅದನ್ನು ಎಂದೂ ಕಂಡಿರಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಸತ್ತ ಮರಿಗಳ ಅಂದಾಜು 70 ಲಕ್ಷದ ಆಸುಪಾಸಿಗೆ ಹೋಯಿತು.

ಸರಿ, ಮರಿಯ ಹೊಟ್ಟೆಯೊಳಗೆ ಏನಾಗುತ್ತದೆ? ಸಣ್ಣ ಕರುಳಿನ ಒಳಮೈಯನ್ನು ಹತ್ತಿರದಿಂದ ನೋಡಿದರೆ ಟರ್ಕಿ ಟವೆಲ್ಲಿನ ಹಾಗೆ ಸಾವಿರಾರು ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಕುಡಿದ ಹಾಲು ಜೀರ್ಣವಾಗುವುದೂ ನೀರು ಹೀರಿಕೊಳ್ಳುವುದೂ ಈ ಎಳೆಗಳ ಮೇಲಿನ ಕೋಶಗಳಲ್ಲಿ. ವೈರಸ್ ನೇರ ಆ ಕೋಶಗಳಿಗೇ ನುಗ್ಗುತ್ತದೆ. ಒಂದೆರಡು ದಿನದಲ್ಲಿ ಕೋಶಗಳು ಸತ್ತು ಉದುರುತ್ತವೆ, ಎಳೆಗಳು ಕುಗ್ಗಿ ಮೋಟಾಗುತ್ತವೆ. ಆರೋಗ್ಯವಾದ ಮರಿಯಲ್ಲಿ ಎಳೆಯ ಎತ್ತರ, ಅದರ ಬುಡದ ಗುಳಿಯ ಆಳದ ಸುಮಾರು ಏಳು ಪಟ್ಟು ಇರುತ್ತದೆ. ರೋಗ ಬಂದ ಮರಿಯಲ್ಲಿ ಅದು ಮೂರು ಪಟ್ಟಿಗೆ ಅಥವಾ ಇನ್ನೂ ಕೆಳಗೆ ಇಳಿಯುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುವುದೂ ಅದೇ ಕೋಶಗಳಲ್ಲಿ. ಅದಿಲ್ಲದೆ ಕುಡಿದ ಹಾಲು ಕರುಳಿನಲ್ಲಿ ಹಾಗೇ ಉಳಿದು ಮೈಯ ನೀರನ್ನೇ ಒಳಕ್ಕೆ ಎಳೆಯುತ್ತದೆ. ಸತ್ತ ಮರಿಯ ಹೊಟ್ಟೆ ಕೊಯ್ದು ನೋಡಿದರೆ ಜಠರದ ತುಂಬ ಮೊಸರುಗಟ್ಟಿದ ಹಾಲು ಇರುತ್ತದೆ. ಕರುಳಿನ ಗೋಡೆ ಮಾತ್ರ ಎಷ್ಟು ತೆಳ್ಳಗಾಗಿರುತ್ತದೆ ಅಂದರೆ ಒಳಗಿನ ಹಳದಿ ನೀರು ಹೊರಗಿಂದಲೇ ಕಾಣುತ್ತದೆ. ಹೊಟ್ಟೆ ತುಂಬ ಹಾಲಿದ್ದೂ ಆ ಮರಿ ಉಪವಾಸ ಸತ್ತಿರುತ್ತದೆ.

ದೊಡ್ಡ ಹಂದಿಗೂ ಇದೇ ವೈರಸ್, ಇದೇ ಕರುಳು. ಅದು ಉಳಿಯುತ್ತದೆ, ಮರಿ ಸಾಯುತ್ತದೆ. ಇದಕ್ಕೆ ಒಂದೇ ಕಾರಣ ಅಲ್ಲ.

ಮೊದಲನೆಯದು ಕರುಳಿನ ರಿಪೇರಿ ವೇಗ. ಎಳೆಗಳ ಮೇಲಿನ ಕೋಶಗಳು ಸವೆದು ಹೊಸವು ಬರುವುದು ಎಲ್ಲ ಪ್ರಾಣಿಗಳಲ್ಲೂ ನಡೆಯುತ್ತಲೇ ಇರುತ್ತದೆ. ಮೂರು ವಾರದ ಮರಿಯಲ್ಲಿ ಹಳೇ ಕೋಶಗಳ ಜಾಗಕ್ಕೆ ಹೊಸವು ಬರಲು 2-3 ದಿನ ಸಾಕು. ಆಗಷ್ಟೇ ಹುಟ್ಟಿದ ಮರಿಯಲ್ಲಿ ಅದಕ್ಕೆ 5ರಿಂದ 7 ದಿನ ಬೇಕು. ಮೈಯ ನೀರು ಬತ್ತಿ ಮರಿ ಸಾಯಲು ಮೂರು-ನಾಲ್ಕು ದಿನ ಸಾಕು. ಲೆಕ್ಕ ನೀವೇ ಹಾಕಿ. ಇದರ ಮೇಲೆ ಹುಟ್ಟಿದ ಮರಿಯ ಮೈಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಲು ಜೀರ್ಣವಾಗದಿದ್ದರೆ ಮೈ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ. ಒಂದು ವಾರದ ಒಳಗಿನ ಮರಿಗಳಲ್ಲಿ ಜೋರು ತಳಿ ಬಂದರೆ ಸಾವು ನೂರಕ್ಕೆ ನೂರು ಆಗುವುದೂ ಉಂಟು. ಹಾಲು ಬಿಟ್ಟ ಮರಿಗಳು ಸೊರಗುತ್ತವೆ, ತೂಕ ಹಿಂದೆ ಬೀಳುತ್ತದೆ, ಆದರೆ ಹೆಚ್ಚಿನವು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತವೆ.

ಎರಡನೆಯದು ರೋಗನಿರೋಧಕ ಶಕ್ತಿ. ನೀವು ಮುಖ್ಯವಾಗಿ ಕೇಳಿದ್ದೂ ಅದನ್ನೇ. ವೈರಸ್ ಬಂದಾಗ ದೇಹ ಎರಡು ಹಂತದಲ್ಲಿ ಎದುರಿಸುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ರಾಸಾಯನಿಕ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ರಕ್ತದಲ್ಲಿರುವ ಎನ್‌ಕೆ ಕೋಶಗಳು ಬಂದು ಸೋಂಕಿನ ಕೋಶಗಳನ್ನು ಕೊಲ್ಲುತ್ತವೆ. ಅದಾದ ಮೇಲೆ, ಒಂದೆರಡು ವಾರದಲ್ಲಿ, ಆ ವೈರಸ್ಸಿಗೇ ಹೊಂದುವ ಪ್ರತಿಕಾಯಗಳು, ಅಂದರೆ ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ತಯಾರಾಗುತ್ತವೆ. ಮರಿಯಲ್ಲಿ ಮೊದಲನೇ ಹಂತವೇ ದುರ್ಬಲ. ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ 9 ದಿನದ ಹಾಲು ಕುಡಿಯುವ ಮರಿಗಳಿಗೂ 26 ದಿನದ ಹಾಲು ಬಿಟ್ಟ ಮರಿಗಳಿಗೂ ಒಂದೇ ವೈರಸ್ ಕೊಟ್ಟು ಹೋಲಿಸಿದರು. ಎಳೆ ಮರಿಗಳಲ್ಲಿ ಭೇದಿ ಬೇಗ ಬಂತು, ಜೋರಾಗಿ ಬಂತು. ಅವುಗಳಲ್ಲಿ ಎನ್‌ಕೆ ಕೋಶಗಳು ಸಂಖ್ಯೆಯಲ್ಲೂ ಕಡಿಮೆ, ಇದ್ದವುಗಳಿಗೆ ಸೋಂಕಿನ ಕೋಶವನ್ನು ಕೊಲ್ಲುವ ಶಕ್ತಿಯೂ ತೀರಾ ಕಡಿಮೆ ಇತ್ತು. ಸಾಲದ್ದಕ್ಕೆ ಈ ವೈರಸ್ ಬಲು ಚಾಲಾಕಿ. ಅದರ ಹಲವು ಪ್ರೋಟೀನುಗಳು ಸೇರಿಕೊಂಡು ಕೋಶ ಇಂಟರ್‌ಫೆರಾನ್ ತಯಾರಿಸುವ ದಾರಿಯನ್ನೇ ಅಲ್ಲಲ್ಲಿ ತಡೆಯುತ್ತವೆ. ದೊಡ್ಡ ಹಂದಿಯಲ್ಲೂ ತಡೆಯುತ್ತವೆ, ಆದರೆ ಅದಕ್ಕೆ ಬೇರೆ ದಾರಿಗಳಿವೆ. ಮೂರು ದಿನದ ಮರಿಗೆ ಇಲ್ಲ.

ಪ್ರತಿಕಾಯಗಳ ಕಥೆ ಇನ್ನೂ ಬೇರೆ. ಮನುಷ್ಯರ ಮಗುವಿಗೆ ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಮಾಸುಚೀಲದ ಮೂಲಕ ಸಿಗುತ್ತವೆ. ಹಂದಿಯ ಮಾಸುಚೀಲ ಅವನ್ನು ಬಿಡುವುದೇ ಇಲ್ಲ. ಹಾಗಾಗಿ ಮರಿ ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯ ಪ್ರತಿಕಾಯ ಇಲ್ಲವೆಂದೇ ಹೇಳಬೇಕು. ಸಿಗುವುದೆಲ್ಲ ಗಿಣ್ಣುಹಾಲಿನಿಂದ. ಅದೂ ಮೊದಲ ಒಂದು ದಿನ ಮಾತ್ರ. ಆಮೇಲೆ ಕರುಳು ಅಷ್ಟು ದೊಡ್ಡ ಪ್ರೋಟೀನುಗಳನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸುತ್ತದೆ. ಪ್ರತಿ ಮರಿಗೂ ಕಡಿಮೆ ಅಂದರೆ 200ರಿಂದ 250 ಗ್ರಾಂ ಗಿಣ್ಣು ಹೊಟ್ಟೆಗೆ ಹೋಗಲೇಬೇಕು ಅನ್ನುವುದು ಇದಕ್ಕೇ.

ಇಲ್ಲಿ ಸಾಕಣೆದಾರರು ಹೆಚ್ಚಾಗಿ ತಪ್ಪು ತಿಳಿಯುವ ಒಂದು ವಿಷಯ ಇದೆ, ಸ್ವಲ್ಪ ನಿಧಾನವಾಗಿ ಓದಿ. ಗಿಣ್ಣಿನಲ್ಲಿ ಜಾಸ್ತಿ ಇರುವುದು ಐಜಿಜಿ ಎಂಬ ಪ್ರತಿಕಾಯ. ಅದು ಮರಿಯ ರಕ್ತಕ್ಕೆ ಸೇರಿ ಮೈಯೊಳಗಿನ ಸೋಂಕುಗಳಿಂದ ಕಾಪಾಡುತ್ತದೆ. ಆದರೆ ಭೇದಿಯ ವೈರಸ್ ರಕ್ತದಲ್ಲಿ ಕೂತಿರುವುದಿಲ್ಲ, ಕರುಳಿನ ಒಳಮೈಯಲ್ಲಿರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಐಜಿಎ ಎಂಬ ಇನ್ನೊಂದು ಪ್ರತಿಕಾಯ. ಜೀರ್ಣರಸಕ್ಕೆ ಅದು ಸುಲಭವಾಗಿ ಕರಗುವುದಿಲ್ಲ. ಕರುಳಿನೊಳಗೇ ವೈರಸ್ಸನ್ನು ಹಿಡಿದು ಕೋಶಕ್ಕೆ ಅಂಟದಂತೆ ಮಾಡುತ್ತದೆ. ಕೆಲವು ದಿನ ಕಳೆದು ಗಿಣ್ಣು ಹೋಗಿ ಮಾಮೂಲಿ ಹಾಲು ಬಂದಾಗ ಅದರಲ್ಲಿ ಹೆಚ್ಚಿರುವುದು ಈ ಐಜಿಎ. ಮರಿ ಅದನ್ನು ಗಂಟೆಗೊಮ್ಮೆ ಕುಡಿಯುತ್ತಲೇ ಇರಬೇಕು. ಹಾಲು ನಿಂತರೆ ಕರುಳಿನ ರಕ್ಷಣೆಯೂ ಅಲ್ಲಿಗೆ ಮುಗಿಯಿತು. ಕೆಚ್ಚಲು ಬಾವು ಬಂದ ಹಂದಿಯ ಮರಿಗಳು ಮೊದಲು ಭೇದಿಗೆ ಬೀಳುವುದನ್ನು ನೀವೂ ನೋಡಿರಬಹುದು.

ತಾಯಿಯ ಹಾಲಿಗೆ ಆ ಐಜಿಎ ಎಲ್ಲಿಂದ ಬರುತ್ತದೆ? ತಾಯಿಯ ಕರುಳಿನಿಂದ. ಭೇದಿಯ ವೈರಸ್ ತಾಯಿ ಹಂದಿಯ ಹೊಟ್ಟೆಗೆ ಹೋದಾಗ ಅದರ ಕರುಳಿನಲ್ಲಿ ಐಜಿಎ ತಯಾರಿಸುವ ಕೋಶಗಳು ಹುಟ್ಟುತ್ತವೆ. ಅವು ರಕ್ತದಲ್ಲಿ ಪ್ರಯಾಣ ಮಾಡಿ ಕೆಚ್ಚಲಿಗೆ ಬಂದು ನೆಲೆ ನಿಲ್ಲುತ್ತವೆ. ಇದನ್ನು 1970ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಇನ್ನೊಂದು ಹಂದಿ ಭೇದಿಯನ್ನು ಅಭ್ಯಾಸ ಮಾಡುತ್ತಾ ಕಂಡುಕೊಂಡರು. ಆ ರೋಗದ ಹೆಸರು ಟಿಜಿಇ, ಅದೂ ಕೊರೋನಾ ವೈರಸ್ಸಿನದೇ. ಸೋಂಕು ಬಾಯಿಯಿಂದ ಹೋದ ತಾಯಿಯ ಹಾಲಿನಲ್ಲಿ ಐಜಿಎ ಸಮೃದ್ಧವಾಗಿತ್ತು, ಮರಿಗಳು ಉಳಿದವು. ಮಾಂಸಖಂಡಕ್ಕೆ ಚುಚ್ಚುಮದ್ದು ಕೊಟ್ಟ ತಾಯಿಯ ಹಾಲಿನಲ್ಲಿ ಐಜಿಜಿ ಇತ್ತು, ಮರಿಗಳಿಗೆ ಅಷ್ಟು ರಕ್ಷಣೆ ಸಿಗಲಿಲ್ಲ. ಹಂದಿ ಭೇದಿಯ ವಿಷಯದಲ್ಲಿ ಇದಕ್ಕಿಂತ ಉಪಯೋಗದ ತಿಳಿವಳಿಕೆ ಮತ್ತೊಂದಿಲ್ಲ ಅಂತ ನಾನು ನಂಬಿದ್ದೇನೆ. ನಿಮ್ಮ ಹಳೇ ಹಂದಿಗಳ ಮರಿಗಳು ಉಳಿದದ್ದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಇನ್ನು ತಳಿಗಳ ವಿಷಯ. ವೈರಸ್ಸಿನ ಮೈಮೇಲೆ ಮುಳ್ಳಿನಂತೆ ಚಾಚಿಕೊಂಡ ಒಂದು ಪ್ರೋಟೀನ್ ಇದೆ. ಕೋವಿಡ್ ಕಾಲದಲ್ಲಿ ಸ್ಪೈಕ್ ಅಂತ ಎಲ್ಲರೂ ಕೇಳಿದ್ದೇವಲ್ಲ, ಅದೇ. ಕೋಶಕ್ಕೆ ಅಂಟುವುದು ಅದರಿಂದ. ಪ್ರತಿಕಾಯ ಗುರುತು ಹಿಡಿಯುವುದೂ ಮುಖ್ಯವಾಗಿ ಅದನ್ನೇ. ತಳಿಗಳ ನಡುವಿನ ದೊಡ್ಡ ವ್ಯತ್ಯಾಸಗಳು ಈ ಸ್ಪೈಕಿನಲ್ಲಿವೆ. 2010ರ ನಂತರದ ಜೋರು ತಳಿಗಳ ಸ್ಪೈಕಿನ ತುದಿಭಾಗ ಹಳೇ ಸಿವಿ777ಗಿಂತ ಬೇರೆ. ಹಾಗಾಗಿಯೇ ಹಳೇ ಲಸಿಕೆಯ ಪ್ರತಿಕಾಯಗಳು ಅದನ್ನು ಸರಿಯಾಗಿ ಹಿಡಿಯಲಿಲ್ಲ. 2014ರ ಜನವರಿಯಲ್ಲಿ ಒಹಾಯೊದಲ್ಲಿ ಮತ್ತೊಂದು ತಳಿ ಸಿಕ್ಕಿತು. ಆ ಫಾರಮ್ಮಿನಲ್ಲಿ ಭೇದಿ ಇತ್ತು, ಮರಿಗಳ ಸಾವು ಮಾತ್ರ ತೀರಾ ಕಡಿಮೆ. ಸ್ಪೈಕಿನ ಜೀನಿನಲ್ಲಿ ಕೆಲವು ತುಣುಕು ಬಿಟ್ಟುಹೋಗಿ ಕೆಲವು ಸೇರಿಕೊಂಡಿದ್ದವು. ಇದಕ್ಕೆ ಎಸ್-ಇಂಡೆಲ್ ತಳಿ ಅನ್ನುತ್ತಾರೆ. ವಿಡಿಯೋದಲ್ಲಿ ನಿಮಗೆ ಹೇಳಿದ ಸೌಮ್ಯ ತಳಿ ಬಹುಶಃ ಇದೇ.

ಸೌಮ್ಯ ಅಂದಾಕ್ಷಣ ಸಮಾಧಾನ ಬೇಡ. ಎಸ್-ಇಂಡೆಲ್ ತಳಿಯನ್ನು ಹಲವು ತಾಯಿಗಳ ಎಳೆ ಮರಿಗಳಿಗೆ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ, ಒಂದು ತಾಯಿಯ ಮರಿಗಳಲ್ಲಿ ಒಂದೂ ಸಾಯಲಿಲ್ಲ, ಇನ್ನೊಂದು ತಾಯಿಯ ಮರಿಗಳಲ್ಲಿ ಮುಕ್ಕಾಲು ಪಾಲು ಸತ್ತವು. ವೈರಸ್ ಒಂದೇ. ತಾಯಿಯ ಆರೋಗ್ಯ, ಹಾಲು ಎಷ್ಟಿತ್ತು ಅನ್ನುವುದು ಬೇರೆ ಬೇರೆ. 2014ರಲ್ಲಿ ಇದೇ ಗುಂಪಿನ ತಳಿ ಜರ್ಮನಿಗೆ ಬಂದಾಗ ಕೂಡ ಕೆಲವು ಫಾರಮ್ಮುಗಳಲ್ಲಿ ಮರಿಗಳ ಸಾವು ಭಾರೀ ಆಯಿತು. ಹಾಗಾಗಿ ತಳಿಯ ಹೆಸರು ಕೇಳಿ ಮರಿಯ ಹಣೆಬರಹ ಹೇಳಲಾಗುವುದಿಲ್ಲ. ನನ್ನನ್ನು ಕೇಳಿದರೆ ಮರಿಯ ವಯಸ್ಸು ಮತ್ತು ತಾಯಿಯ ಹಾಲನ್ನು ಮೊದಲು ನೋಡುತ್ತೇನೆ, ತಳಿಯ ಹೆಸರನ್ನು ಆಮೇಲೆ.

ಒಂದು ತಳಿಯ ಸೋಂಕು ಇನ್ನೊಂದರಿಂದ ಕಾಪಾಡುತ್ತದಾ? ಸ್ವಲ್ಪ ಮಟ್ಟಿಗೆ ಹೌದು. ಸೌಮ್ಯ ತಳಿ ತಗುಲಿ ಚೇತರಿಸಿಕೊಂಡ ತಾಯಿಗಳ ಮರಿಗಳಿಗೆ ಆಮೇಲೆ ಜೋರು ತಳಿ ಕೊಟ್ಟರೆ ಭೇದಿ ಬರುತ್ತದೆ, ಸಾವು ಮಾತ್ರ ಬಹಳ ಕಡಿಮೆ. ಟಿಜಿಇಯಲ್ಲಿ ಇದಕ್ಕಿಂತ ಸ್ವಾರಸ್ಯದ ಒಂದು ಘಟನೆ ನಡೆದಿದೆ. 1984ರಲ್ಲಿ ಬೆಲ್ಜಿಯಂನಲ್ಲಿ ಟಿಜಿಇ ವೈರಸ್ಸಿನ ಸ್ಪೈಕ್ ಜೀನಿನಿಂದ ಒಂದು ದೊಡ್ಡ ತುಂಡೇ ಬಿದ್ದುಹೋದ ತಳಿ ಕಾಣಿಸಿತು. ಅದಕ್ಕೆ ಕರುಳಿನಲ್ಲಿ ಬೆಳೆಯುವ ಶಕ್ತಿ ಹೆಚ್ಚುಕಡಿಮೆ ಹೋಗಿ, ಶ್ವಾಸಕೋಶದಲ್ಲಿ ಬೆಳೆಯುವ ವೈರಸ್ ಆಯಿತು. ಗಾಳಿಯಲ್ಲಿ ಹಬ್ಬಿ ಯುರೋಪಿನ ಹಂದಿಗಳಿಗೆಲ್ಲ ಸುಮ್ನೆ ಒಂದು ಸಣ್ಣ ಕೆಮ್ಮು ತರಿಸಿತು. ಅದರಿಂದ ಬಂದ ರೋಗನಿರೋಧಕ ಶಕ್ತಿಯಿಂದ ಅಲ್ಲಿ ಟಿಜಿಇ ಭೇದಿಯೇ ಅಪರೂಪವಾಯಿತು.

ಈಗ ಲಸಿಕೆ. ಹುಟ್ಟಿದ ದಿನ ಮರಿಗೆ ಲಸಿಕೆ ಹಾಕಿ ಭೇದಿಯಿಂದ ಉಳಿಸಲಾಗುವುದಿಲ್ಲ. ಪ್ರತಿಕಾಯ ತಯಾರಾಗಲು ಒಂದೆರಡು ವಾರ ಬೇಕು, ಸಾವು ಬರುವುದು ಅದಕ್ಕಿಂತ ಮುಂಚೆ. ಲಸಿಕೆ ಹಾಕಬೇಕಾದದ್ದು ಗಬ್ಬದ ತಾಯಿಗೆ, ಮರಿ ಹಾಕುವ ಕೆಲವು ವಾರ ಮೊದಲು. ಅಲ್ಲೂ ಒಂದು ಮಿತಿ ಇದೆ. 2014ರ ಜೂನಿನಲ್ಲಿ ಅಮೆರಿಕದಲ್ಲಿ ಪಿಇಡಿಗೆ ಮೊದಲ ಲಸಿಕೆಗೆ ಷರತ್ತಿನ ಪರವಾನಗಿ ಸಿಕ್ಕಿತು. ಚುಚ್ಚಿ ಕೊಡುವ ಅಂಥ ಲಸಿಕೆಗಳು ಹಿಂದೆ ಸೋಂಕು ಕಂಡ ತಾಯಿಯಲ್ಲಿ ಇರುವ ಶಕ್ತಿಯನ್ನು ಚೆನ್ನಾಗಿ ಹೆಚ್ಚಿಸುತ್ತವೆ. ವೈರಸ್ಸನ್ನು ಎಂದೂ ಕಾಣದ ತಾಯಿಯಲ್ಲಿ ಹಾಲಿನ ಐಜಿಎ ಏರಿಸುವುದರಲ್ಲಿ ಅವು ಹಿಂದೆ. ಕಾರಣ ಮೇಲೆ ಹೇಳಿದ್ದೇ, ಸೂಜಿಯ ದಾರಿ ಕರುಳಿನ ಮೂಲಕ ಹೋಗುವುದಿಲ್ಲ.

ಅದಕ್ಕೇ ವಿದೇಶದ ಫಾರಮ್ಮುಗಳಲ್ಲಿ ಸತ್ತ ಮರಿಗಳ ಕರುಳನ್ನು ಅರೆದು ಗಬ್ಬದ ಹಂದಿಗಳಿಗೆ ತಿನ್ನಿಸುವ ಪದ್ಧತಿ ಇದೆ. ವಿಡಿಯೋಗಳಲ್ಲಿ ಇದನ್ನೂ ತೋರಿಸುತ್ತಾರೆ. ದಯವಿಟ್ಟು ನೀವಾಗಿ ಇದನ್ನು ಮಾಡಲು ಹೋಗಬೇಡಿ. ನಮ್ಮಲ್ಲಿ ಹಂದಿ ಜ್ವರ ಇದೆ. 2020ರಿಂದ ಆಫ್ರಿಕನ್ ಹಂದಿ ಜ್ವರವೂ ಭಾರತಕ್ಕೆ ಬಂದಿದೆ, ಅದಕ್ಕೆ ಇಲ್ಲಿ ಲಸಿಕೆ ಇಲ್ಲ. ಮರಿಯ ಕರುಳಿನಲ್ಲಿ ಏನೇನಿದೆ ಅಂತ ಪರೀಕ್ಷೆ ಮಾಡಿಸದೆ ತಾಯಿಗಳಿಗೆ ತಿನ್ನಿಸಿದರೆ ಗೂಡೇ ಖಾಲಿಯಾಗಬಹುದು. ಅದರ ಬದಲು ಚೊಚ್ಚಲ ಹಂದಿಗಳನ್ನು ಮರಿ ಹಾಕುವ ಒಂದೂವರೆ-ಎರಡು ತಿಂಗಳು ಮುಂಚಿನಿಂದ ಹಳೇ ಹಂದಿಗಳ ಜೊತೆಗೆ ಬಿಡಿ. ನಿಮ್ಮ ಗೂಡಿನ ಮಾಮೂಲಿ ರೋಗಾಣುಗಳು ಅವಕ್ಕೂ ನಿಧಾನವಾಗಿ ಪರಿಚಯವಾಗುತ್ತವೆ. ಹೊರಗಿಂದ ತಂದ ಹಂದಿಯಾದರೆ ಮೊದಲು ಮೂರು-ನಾಲ್ಕು ವಾರ ಬೇರೆಯಾಗಿಟ್ಟು, ಆಮೇಲೆ ಸೇರಿಸಿ.

ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಇ. ಕೋಲೈ ಆದರೆ ಕೆಲಸಕ್ಕೆ ಬರುತ್ತದೆ, ಅದೂ ಸರಿಯಾದ ಔಷಧಿ ಆರಿಸಿದರೆ. ಗೂಡಿನಲ್ಲೇ ಒಂದು ಸುಳಿವು ಸಿಗುತ್ತದೆ. ತಾಜಾ ನೀರುಭೇದಿಗೆ ಲಿಟ್ಮಸ್ ಕಾಗದ ತಾಗಿಸಿ. ನೀಲಿ ಕಾಗದ ಕೆಂಪಾದರೆ, ಅಂದರೆ ಹುಳಿ ಗುಣ ಇದ್ದರೆ, ಹಾಲು ಜೀರ್ಣವಾಗದ ವೈರಸ್ ಭೇದಿಯ ಕಡೆಗೆ ವಾಲುತ್ತದೆ. ಕೆಂಪು ಕಾಗದ ನೀಲಿಯಾದರೆ ಇ. ಕೋಲೈ ಕಡೆಗೆ. ಇದು ಬರೀ ಸುಳಿವು, ತೀರ್ಮಾನ ಅಲ್ಲ. ಭೇದಿಯಲ್ಲಿ ರಕ್ತ ಕಂಡರೆ ಕ್ಲಾಸ್ಟ್ರಿಡಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇರಬಹುದು, ಆಗ ತಡಮಾಡದೆ ಡಾಕ್ಟರನ್ನು ಕರೆಸಿ.

ಬಿದ್ದ ಮರಿಗೆ ಬೇಕಾದದ್ದು ಬಿಸಿ, ನೀರು, ಉಪ್ಪು, ಸಕ್ಕರೆ. ಮರಿ ಮಲಗುವ ಮೂಲೆಯಲ್ಲಿ ಬಲ್ಬು ಕಟ್ಟಿ 32ರಿಂದ 34 ಡಿಗ್ರಿ ಇರುವ ಹಾಗೆ ನೋಡಿಕೊಳ್ಳಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಒದ್ದೆ ಸಿಮೆಂಟ್ ನೆಲದ ಮೇಲೆ ಮಲಗಿದ ಮರಿ ಭೇದಿಗಿಂತ ಮುಂಚೆ ಚಳಿಗೇ ಹೋಗುತ್ತದೆ. ಒಣ ಗೋಣಿ, ಒಣ ಹುಲ್ಲು ದಿನಾ ಬದಲಾಯಿಸಿ. ಓಆರ್‌ಎಸ್ ನೀರನ್ನು ತಟ್ಟೆಯಲ್ಲಿಡಿ, ಕುಡಿಯದ ಮರಿಗೆ ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಬಾಯಿಗೆ ಬಿಡಿ. ತಾಯಿಯ ಹಾಲು ಬಿಡಿಸಬೇಡಿ. ಜೀರ್ಣವಾಗುವುದಿಲ್ಲ ಅಂತ ಹಾಲು ನಿಲ್ಲಿಸಿದರೆ ಅದರ ಜೊತೆ ಐಜಿಎ ಕೂಡ ನಿಂತುಹೋಗುತ್ತದೆ. ಭೇದಿ ಬಂದ ಗೂಡಿನ ಕೆಲಸ ದಿನದಲ್ಲಿ ಕೊನೆಗೆ ಮಾಡಿ. ಅದಕ್ಕೆ ಬೇರೆ ಗಮ್‌ಬೂಟು, ಬೇರೆ ಪೊರಕೆ ಇರಲಿ. ಎಳೆ ಮರಿಗೆ ಈ ವೈರಸ್ಸು ಕಣ್ಣಿಗೆ ಕಾಣದಷ್ಟು ಸಗಣಿಯಲ್ಲಿ ಹೋದರೂ ಸಾಕು.

ತೊಳೆಯುವಾಗ ಮೊದಲು ಸೋಪು ನೀರಿನಲ್ಲಿ ಉಜ್ಜಿ ಸಗಣಿ ಪೂರ್ತಿ ತೆಗೆಯಿರಿ, ಆಮೇಲೆ ಬ್ಲೀಚಿಂಗ್ ಪೌಡರ್ ಅಥವಾ ಸುಣ್ಣ, ಆಮೇಲೆ ಒಣಗಲು ಬಿಡಿ. ಕೊರೋನಾ ಗುಂಪಿನ ವೈರಸ್ಸುಗಳಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು, ಬಿಸಿ, ಒಣಗಿಸುವುದು ಮೂರೂ ಚೆನ್ನಾಗಿ ನಾಟುತ್ತವೆ. ಅಮೆರಿಕದಲ್ಲಿ ಹಂದಿ ಸಾಗಿಸುವ ಲಾರಿಗಳ ಮೇಲೆ ಪರೀಕ್ಷೆ ಮಾಡಿದಾಗ 71 ಡಿಗ್ರಿಯಲ್ಲಿ 10 ನಿಮಿಷ, ಅಥವಾ 20 ಡಿಗ್ರಿಯಲ್ಲಿ 7 ದಿನ ಬಿಟ್ಟರೆ ಪಿಇಡಿ ವೈರಸ್ ಸೋಂಕು ಹರಡುವ ಶಕ್ತಿ ಕಳೆದುಕೊಂಡಿತ್ತು. ರೋಟಾವೈರಸ್ಸಿಗೆ ಆ ಹೊದಿಕೆ ಇಲ್ಲ, ಅದು ಬಹಳ ಗಟ್ಟಿ. ತಿಂಗಳುಗಟ್ಟಲೆ ಗೂಡಿನಲ್ಲೇ ಉಳಿಯುತ್ತದೆ. ಹಾಗಾಗಿ ಒಂದು ತಂಡದ ಮರಿಗಳು ಹೋದ ಮೇಲೆ ಗೂಡನ್ನು ಕೆಲವು ದಿನ ಖಾಲಿ ಬಿಡಲೇಬೇಕು. ಹೋಟೆಲಿನ ಮುಸುರೆ ಹಾಕುವವರಾದರೆ ಚೆನ್ನಾಗಿ ಕುದಿಸಿಯೇ ಹಾಕಿ, ಹಂದಿ ಮಾಂಸದ ಚೂರು ಇರುವ ಮುಸುರೆ ಬೇಡವೇ ಬೇಡ.

ಮುಂದಿನ ಸಲ ಭೇದಿ ಶುರುವಾದರೆ ಸಾಯುವವರೆಗೆ ಕಾಯಬೇಡಿ. ಶುರುವಾದ 24 ಗಂಟೆಯೊಳಗೆ, ಔಷಧಿ ಹಾಕುವ ಮೊದಲೇ, ಮೂರು-ನಾಲ್ಕು ಮರಿಗಳ ಭೇದಿಯನ್ನು ಬೇರೆ ಬೇರೆ ಶುಚಿಯಾದ ಡಬ್ಬಿಗಳಲ್ಲಿ ಹಿಡಿದು ಐಸ್ ಜೊತೆ ಇಡಿ, ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ಸತ್ತ ಮರಿಯನ್ನು ಮಾರನೇ ದಿನ ಕೊಟ್ಟರೆ ಪ್ರಯೋಜನ ಕಡಿಮೆ. ಕರುಳಿನ ಆ ಎಳೆಗಳು ಸತ್ತ ಸ್ವಲ್ಪ ಹೊತ್ತಿಗೇ ಕೊಳೆಯಲು ಶುರುವಾಗುತ್ತವೆ, ರೋಗದಿಂದ ಹೋದದ್ದು ಯಾವುದು, ಕೊಳೆತು ಹೋದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ನಿಮ್ಮ ತಾಲೂಕಿನ ಪಶುವೈದ್ಯರ ಮೂಲಕ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಮಾದರಿ ಕಳಿಸಬಹುದು. ಚೀಟಿಯಲ್ಲಿ ಮರಿಯ ವಯಸ್ಸು, ತಾಯಿಗೆ ಎಷ್ಟನೇ ಸೂಲು, ಪಕ್ಕದ ಗೂಡಿನ ಮರಿಗಳು ಹೇಗಿವೆ, ಈ ಮೂರನ್ನು ತಪ್ಪದೆ ಬರೆಯಿರಿ. ಎರಡು ಚೊಚ್ಚಲ ಹಂದಿಗಳನ್ನು ಮಾರಬೇಡಿ. ಮುಂದಿನ ಸೂಲಿಗೆ ಅವುಗಳ ಹಾಲಿನಲ್ಲೂ ಆ ರಕ್ಷಣೆ ಇರುವ ಸಾಧ್ಯತೆ ಜಾಸ್ತಿ.